ಟೆಲಿ ಲೆನ್ಸೂ ಮನೆಯ ಲೆಕ್ಕವೂ

ಮೊದಲ ಸಂಬಳ ಕೈಗೆ ಬಂದೊಡನೆ ಹಿಂದಿನ ಹುಡುಗರು ತಾಯಿಗೊಂದು ಸೀರೆ, ತಂದೆಗೊಂದು ಪಂಚೆ, ತಮಗೊಂದು ಕೈಗಡಿಯಾರ ಕೊಳ್ಳುತ್ತಿದ್ದರು. ಈಗಿನ ಹುಡುಗರೂ ಸೀರೆ ಪಂಚೆಗಳನ್ನು ಮರೆತಿಲ್ಲ. ಕೈಗಡಿಯಾರದ ಜಾಗದಲ್ಲಿ ಮಾತ್ರ ಬೇರೇನೋ ಬಂದು ಕುಳಿತಿದೆ. ನಮ್ಮ ಸೋದರಳಿಯನ ಮಟ್ಟಿಗೆ ಆ ಬೇರೇನೋ ಎಂದರೆ ಕ್ಯಾಮರಾದ ಮೂತಿಗೆ ಸಿಕ್ಕಿಸುವ ಮೊಳದುದ್ದದ ಟೆಲಿ ಲೆನ್ಸು.

"ಮಾವ, ಆರುನೂರು ಮಿಲಿಮೀಟರಿನದೊಂದು ನೋಡಿಟ್ಟಿದ್ದೇನೆ. ಐರೋಲಿಯಿಂದ ದೋಣಿಯಲ್ಲಿ ಹೋದರೆ ರಾಜಹಂಸದ ಕಣ್ಣಿನ ಬಣ್ಣ ಕೂಡ ಹಿಡಿಯಬಹುದಂತೆ. ಶನಿವಾರ ಫೋರ್ಟಿಗೆ ನೀವೂ ಬನ್ನಿ" ಎಂದ.

ಕ್ಯಾಮರಾದ ವಿಷಯವೆಂದರೆ ನಮ್ಮ ಬಳಗದವರು ನಮ್ಮನ್ನು ಕರೆಯುವುದು ರೂಢಿ. ಎಷ್ಟೋ ಮದುವೆಗಳಲ್ಲಿ ತಲೆಯಿಲ್ಲದ ವಧೂವರರನ್ನು ಸೆರೆಹಿಡಿದು ನಾವು ಸಂಪಾದಿಸಿದ ಕೀರ್ತಿ ಅದು. ಬರುತ್ತೇವೆ ಎಂದು ಒಪ್ಪಿಕೊಂಡೆವು. ಆದರೆ ಹೊರಡುವ ಮುನ್ನ ಅವನನ್ನು ಕೂರಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲಿರುವ ಒಂದು ಚಿತ್ರವನ್ನು ತೋರಿಸಿದೆವು. ವಾಚಕರಿಗೂ ಆ ಚಿತ್ರದ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಲೆನ್ಸು ಕೊಳ್ಳುವ ವಿಚಾರವಾಗಿ ನಾವು ಕಲಿತದ್ದೆಲ್ಲ ಆ ಒಂದು ಚಿತ್ರದಿಂದ.

ನಮ್ಮ ಚಿಕ್ಕಪ್ಪ ಹದಿಮೂರರ ಹುಡುಗನಾಗಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆ ತಲೆಮಾರಿನ ಎಷ್ಟೋ ಮಂದಿಯ ಕಥೆ ಇದೇ. ಅವರು ಕಾರಕೂನರಾದರು, ಮನೆ ಮಾಡಿದರು, ಮಕ್ಕಳನ್ನು ಓದಿಸಿದರು. ಇಷ್ಟರ ನಡುವೆಯೂ ಯಕ್ಷಗಾನವನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ಮಂಡಿನೋವಿನಿಂದ ಗೆಜ್ಜೆ ಬಿಚ್ಚಿಟ್ಟಿದ್ದವರು, ಕೆಲವು ವರ್ಷಗಳ ಹಿಂದಿನ ರಾಜ್ಯೋತ್ಸವಕ್ಕೆ, "ಇದೊಂದು ಸಲ ಕರ್ಣ ಮಾಡುತ್ತೇನೆ" ಎಂದು ಮತ್ತೆ ಬಣ್ಣ ಹಚ್ಚಿದರು. ಚಿತ್ರ ತೆಗೆಯುವ ಹೊಣೆ ನಮ್ಮದಾಯಿತು. ಅದಕ್ಕೆಂದೇ ಒಂದು 70–300ರ ಜೂಮ್ ಲೆನ್ಸನ್ನು ಹೊಸದಾಗಿ ಕೊಂಡು, ಆರನೆಯ ಸಾಲಿನಲ್ಲಿ ಕುಳಿತು, ಐವತ್ತೆಂಟು ಚಿತ್ರ ತೆಗೆದೆವು.

ಮನೆಗೆ ಬಂದು ನೋಡಿದರೆ ರಂಗದ ಹಿಂದಿನ ಪರದೆಯ ಮೇಲಿದ್ದ ಅಕ್ಷರಗಳು ಕೊರೆದಿಟ್ಟ ಹಾಗೆ ಸ್ಪಷ್ಟ. ಮೈಕಿನ ಕಂಬ ಸ್ಪಷ್ಟ. ಕುಳಿತು ಹಾಡುತ್ತಿದ್ದ ಭಾಗವತರ ಮುಖವೂ ಸ್ಪಷ್ಟ. ಕರ್ಣ ಮಾತ್ರ ಇಲ್ಲ. ಕರ್ಣ ಇರಬೇಕಾದ ಕಡೆ ಕೆಂಪು ಕಪ್ಪು ಬಣ್ಣಗಳ ಒಂದು ಸುಳಿ. ಐವತ್ತೆಂಟರಲ್ಲೂ ಅಷ್ಟೆ.

ಆಗ ನಕ್ಕು ಸುಮ್ಮನಾದೆವು. ಬರುವ ವರ್ಷ ತೆಗೆದರಾಯಿತು ಎಂದುಕೊಂಡೆವು. ಯುಗಾದಿ ಕಳೆದು ಹದಿನೈದು ದಿನಕ್ಕೆ ಚಿಕ್ಕಪ್ಪ ತೀರಿಕೊಂಡರು. ಹನ್ನೆರಡನೆಯ ದಿನ ಚಿಕ್ಕಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, "ಆವತ್ತು ಅಷ್ಟು ಪಟ ತೆಗೆದಿದ್ದೆಯಲ್ಲ ಮಗಾ, ವೇಷದ್ದು ಒಂದು ಇದ್ದರೆ ಕೊಡು" ಎಂದರು. ಕೊಡಲು ನಮ್ಮಲ್ಲಿ ಒಂದೂ ಇರಲಿಲ್ಲ. ಈಗ ಅವರ ಮನೆಯ ಗೋಡೆಯ ಮೇಲಿರುವುದು ಪಿಂಚಣಿಯ ಗುರುತುಚೀಟಿಗೆಂದು ತೆಗೆಸಿದ ಚಿತ್ರ, ದೊಡ್ಡದು ಮಾಡಿಸಿದ್ದು.

ತಪ್ಪು ಎಲ್ಲಿ ಆಯಿತು? ಅಂಗಡಿಯಲ್ಲಿ ನಾವು ಲೆನ್ಸಿನ ಮೇಲಿನ ಒಂದು ಅಂಕಿಯನ್ನು ಓದಿ, ಇನ್ನೊಂದನ್ನು ಓದದೆ ಬಂದಿದ್ದೆವು.

ಪ್ರತಿ ಲೆನ್ಸಿನ ಮೈಮೇಲೂ ಎರಡು ಬಗೆಯ ಅಂಕಿಗಳಿರುತ್ತವೆ. 70–300 ಮಿ.ಮೀ. ಎಂಬುದು ಸಂಗಮದೂರ, ದೂರದ್ದನ್ನು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಎಂಬ ಲೆಕ್ಕ. ಎರಡನೆಯದು ಎಫ್ ಅಂಕಿ. ಲೆನ್ಸಿನ ಕಣ್ಣು ಎಷ್ಟು ಅಗಲ ತೆರೆಯುತ್ತದೆ ಎಂಬ ಲೆಕ್ಕ. ಸಂಗಮದೂರವನ್ನು ಕಣ್ಣಿನ ಅಗಲದಿಂದ ಭಾಗಿಸಿದರೆ ಎಫ್ ಅಂಕಿ ಬರುತ್ತದೆ. ಆದ್ದರಿಂದ ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್ 5.6 ಒಳಬಿಡುವ ಬೆಳಕಿನ ನಾಲ್ಕರಷ್ಟನ್ನು ಎಫ್ 2.8 ಒಳಬಿಡುತ್ತದೆ. ನಮ್ಮ ಲೆನ್ಸಿನ ಮೇಲೆ 4–5.6 ಎಂದಿತ್ತು. ಅಂದರೆ ಹತ್ತಿರದ ತುದಿಯಲ್ಲಿ 4, ದೂರದ ತುದಿಗೆ ಎಳೆದಾಗ 5.6. ಬೆಳಕು ಹೆಚ್ಚು ಬೇಕಾದ ಕಡೆಯಲ್ಲೇ ಕಣ್ಣು ಕಿರಿದಾಗುವ ಲೆನ್ಸು ಅದು.

ಸಭಾಗೃಹದ ಮಂದ ಬೆಳಕಿನಲ್ಲಿ ಆ ಕಿರುಗಣ್ಣಿಗೆ ಸಾಕಷ್ಟು ಬೆಳಕು ಬೀಳಲು ಸೆಕೆಂಡಿನ 20ರಲ್ಲೊಂದು ಪಾಲು ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ಕುಣಿಯುವ ಕರ್ಣ ಇದ್ದಲ್ಲಿಂದ ಸರಿದಿರುತ್ತಾನೆ. "ಅಲುಗಾಟ ತಡೆಯುವ ಏರ್ಪಾಡು ಇದರಲ್ಲಿದೆ" ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ. 1995ರಲ್ಲಿ ಕ್ಯಾನನ್ ಕಂಪನಿ ತನ್ನ 75–300ರ ಲೆನ್ಸೊಂದರಲ್ಲಿ ಮೊದಲು ತಂದ ಆ ಏರ್ಪಾಡು ಈಗ ಬಹುಪಾಲು ಟೆಲಿ ಲೆನ್ಸುಗಳಲ್ಲಿದೆ. ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಕರ್ಣನ ಕುಣಿತವನ್ನಲ್ಲ. ಪರದೆಯ ಅಕ್ಷರ ಸ್ಪಷ್ಟವಾಗಿ ಬಂದು ಮನುಷ್ಯ ಮಾಯವಾದದ್ದು ಹೀಗೆ.

ಎಲ್ಲ ಅಪರಾಧವನ್ನೂ ಲೆನ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕ್ಯಾಮರಾದ ಬೆಳಕಿನ ಗ್ರಹಣಶಕ್ತಿಯನ್ನು, ಎಂದರೆ ಐ.ಎಸ್.ಓ. ಅಂಕಿಯನ್ನು, ನಾವು 400ರಲ್ಲೇ ಬಿಟ್ಟಿದ್ದೆವು. ಅದನ್ನು 3200ಕ್ಕೆ ಏರಿಸಿದ್ದರೆ ಅದೇ ಲೆನ್ಸಿನಲ್ಲೇ 20ರಲ್ಲೊಂದು ಪಾಲು 160ರಲ್ಲೊಂದಾಗಿ, ಚಿತ್ರ ರವೆರವೆಯಾಗಿಯಾದರೂ ಮುಖ ಉಳಿಯುತ್ತಿತ್ತು. ಎಫ್ 2.8ರ ಲೆನ್ಸಿದ್ದಿದ್ದರೆ ಐ.ಎಸ್.ಓ. 1600ಕ್ಕೇ 320ರಲ್ಲೊಂದು ಪಾಲು ಸಿಗುತ್ತಿತ್ತು. ಚಿತ್ರವೂ ಇನ್ನಷ್ಟು ನಯವಾಗಿರುತ್ತಿತ್ತು. ಆದ್ದರಿಂದ ಮನೆಯಲ್ಲಿ ಈಗಾಗಲೇ ಇಂಥ ಲೆನ್ಸು ಇರುವವರು ಹೊಸದಕ್ಕೆ ಓಡುವ ಮೊದಲು ಇಷ್ಟನ್ನು ಮಾಡಿನೋಡಲಿ. ಖರ್ಚಿಲ್ಲದ ಮದ್ದು.

ಇಷ್ಟನ್ನು ಕೇಳಿ ಸೋದರಳಿಯ, "ಹಾಗಾದರೆ ಆರುನೂರರದು ಬೇಡವೇ ಮಾವ?" ಎಂದ. ಬೇಕೋ ಬೇಡವೋ ಎಂಬುದನ್ನು ಮೂರು ಪ್ರಶ್ನೆ ಕೇಳಿಕೊಂಡು ತೀರ್ಮಾನಿಸು ಎಂದೆವು. ತೆಗೆಯಬೇಕಾದದ್ದು ಎಷ್ಟು ದೂರದಲ್ಲಿದೆ? ಅಲ್ಲಿ ಎಷ್ಟು ಬೆಳಕಿದೆ? ಅದು ನಿಂತಿರುತ್ತದೆಯೋ, ಚಲಿಸುತ್ತದೆಯೋ?

ದೂರದ ಲೆಕ್ಕ ಸುಲಭ. ಮೂರನೆಯ ಇಯತ್ತೆಯ ತ್ರೈರಾಶಿ ಸಾಕು. ವಸ್ತುವಿನ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ಇರುವ ದೂರದಿಂದ ಭಾಗಿಸಿದರೆ ಕ್ಯಾಮರಾದೊಳಗಿನ ಬೆಳಕಿನ ಫಲಕದ ಮೇಲೆ ಬೀಳುವ ಬಿಂಬದ ಎತ್ತರ ಸಿಗುತ್ತದೆ. ಸೋದರಳಿಯನ ಕ್ಯಾಮರಾ ಎ.ಪಿ.ಎಸ್.-ಸಿ ಎಂಬ ನಡುವಳತೆಯ ಫಲಕದ್ದು, ಸುಮಾರು 23.5 ಮಿ.ಮೀ. ಉದ್ದ, 15.6 ಮಿ.ಮೀ. ಎತ್ತರ. ಆರನೆಯ ಸಾಲಿನಿಂದ ರಂಗಸ್ಥಳ 15 ಮೀಟರು ಎನ್ನೋಣ. 200 ಮಿ.ಮೀ. ಲೆನ್ಸಿನಲ್ಲಿ ಐದೂಮುಕ್ಕಾಲು ಅಡಿಯ ವೇಷಧಾರಿಯ ಬಿಂಬ 23 ಮಿ.ಮೀ. ಎತ್ತರ ಬರುತ್ತದೆ. ಕ್ಯಾಮರಾವನ್ನು ನಿಲ್ಲಿಸಿ ಹಿಡಿದರೆ ಅಡಿಯಿಂದ ಮುಡಿಯವರೆಗೆ ಚಿತ್ರ ತುಂಬಿಹೋಯಿತು! ಅದಕ್ಕಿಂತ ಉದ್ದದ ಲೆನ್ಸಿಗೆ ಸಭಾಗೃಹದಲ್ಲಿ ಕೆಲಸವಿಲ್ಲ.

ಇನ್ನು ಕಿರಿಯ ರಾಜಹಂಸ. ಎತ್ತರ ಒಂದು ಮೀಟರಿಗಿಂತ ಕೊಂಚ ಕಡಿಮೆ. ನೂರು ಮೀಟರು ದೂರದ ಕೆಸರಿನಲ್ಲಿ ನಿಂತರೆ 200 ಮಿ.ಮೀ. ಲೆನ್ಸಿನಲ್ಲಿ ಅದು ಚಿತ್ರದ ಎತ್ತರದ ಒಂಬತ್ತರಲ್ಲೊಂದು ಪಾಲು. 600ರಲ್ಲಿ ಮೂರರಲ್ಲೊಂದು ಪಾಲು. ಹಕ್ಕಿಯ ಹುಚ್ಚಿರುವವರು 100–400, 150–600, 200–600 ಎಂದು ದುಡ್ಡು ಸುರಿಯುವುದು ಸುಮ್ಮನೆ ಅಲ್ಲ. ಅಲ್ಲಿ ಬೆಳಕಿಗೆ ಬರವಿಲ್ಲ, ಬಿಸಿಲು ಧಾರಾಳ, ಎಫ್ 6.3 ಆದರೂ ನಡೆಯುತ್ತದೆ. ಆದರೆ ಇನ್ನೊಂದು ಮಾತಿದೆ. ಲೆನ್ಸು ಇಮ್ಮಡಿಯಾದರೂ ಒಂದೇ, ದೂರ ಅರ್ಧವಾದರೂ ಒಂದೇ. ಥಾಣೆ ಖಾಡಿಯಲ್ಲಿ ಭರತದ ನೀರು ಏರುತ್ತ ಬಂದಂತೆ ಹಕ್ಕಿಗಳು ದಡದ ಕಡೆಗೆ ಸರಿಯುತ್ತವೆ; ಆ ಹೊತ್ತನ್ನು ತಿಳಿದು ಹೋದವನ ಚಿಕ್ಕ ಲೆನ್ಸು ಹೊತ್ತು ತಿಳಿಯದವನ ದೊಡ್ಡ ಲೆನ್ಸನ್ನು ಸೋಲಿಸುತ್ತದೆ. ನಡುಮಧ್ಯಾಹ್ನದ ಬಿಸಿಲಿಗೆ ಕೆಸರಿನ ಮೇಲೆ ಗಾಳಿಯೇ ಕುದಿಯುವ ಎಸರಿನಂತೆ ನಡುಗುತ್ತದೆ. ಎಂಥ ದುಬಾರಿ ಲೆನ್ಸೂ ಆಗ ಕೈಚೆಲ್ಲುತ್ತದೆ. ಬೆಳಗ್ಗೆಯೇ ಹೋಗಬೇಕು.

ಬೇಸಿಗೆಯ ರಜೆಗೆ ಊರಿಗೆ ಹೋಗುವವರಿಗೂ ಇದೇ ಮಾತು. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ರಂಗನತಿಟ್ಟಿನಲ್ಲಿ ದೋಣಿ ಬಂಡೆಗಳ ಹತ್ತಿರಕ್ಕೇ ಹೋಗುತ್ತದೆ. ಅಲ್ಲಿ 200ರ ಲೆನ್ಸೂ ಬಹಳ ಕೆಲಸ ಮಾಡುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಹಕ್ಕಿಗಳ ಚಿತ್ರಕ್ಕೆ ಹೊರಟ ಕಾಲದಲ್ಲಿ ಒಂದು ಸುರುಳಿ ಫಿಲ್ಮಿಗೆ ಮೂವತ್ತಾರು ಚಿತ್ರ. ತೊಳೆಸಿ ನೋಡುವವರೆಗೆ ಏನು ಬಂದಿದೆ ಎಂದು ತಿಳಿಯುತ್ತಿರಲಿಲ್ಲ. ಕಾದು ಕುಳಿತು ಹತ್ತಿರವಾಗುವುದೇ ಅಂದಿನವರ ದೊಡ್ಡ ಲೆನ್ಸು.

ಈ ಮೂರು ಪ್ರಶ್ನೆಗಳಾದ ಮೇಲೆ ಗಾಜಿನ ಗುಣ. ಬೆಳಕು ಗಾಜಿನಲ್ಲಿ ಬಾಗುವಾಗ ಒಂದೊಂದು ಬಣ್ಣ ಒಂದೊಂದು ಪ್ರಮಾಣದಲ್ಲಿ ಬಾಗುತ್ತದೆ. ಲೆನ್ಸು ಉದ್ದವಾದಷ್ಟೂ ಈ ಜಗಳ ಎದ್ದು ಕಾಣುತ್ತದೆ. ಬಿಳಿ ಕೊಕ್ಕರೆಯ ಅಂಚಿಗೆ ನೇರಳೆ ದಾರ ಹೊಲಿದಂತೆ ಕಂಡರೆ ಅದರ ಫಲವೆಂದು ತಿಳಿಯಬೇಕು. ಇದನ್ನು ತಗ್ಗಿಸಲು ಒಳ್ಳೆಯ ಲೆನ್ಸುಗಳಲ್ಲಿ ಬಣ್ಣಗಳನ್ನು ಹೆಚ್ಚು ಚದುರಿಸದ ವಿಶೇಷ ಗಾಜು ಹಾಕುತ್ತಾರೆ; ಅದು ದುಬಾರಿ. ಬೆಲೆಯ ಬಹುಭಾಗ ಹೋಗುವುದು ಈ ಗಾಜಿಗೂ ಅಗಲಗಣ್ಣಿಗೂ. ಸ್ಥಿರಚಿತ್ರದ ಕ್ಯಾಮರಾಗಳಿಗೆಂದು ಮೊತ್ತಮೊದಲು ಮಾರಾಟಕ್ಕೆ ಬಂದ ಜೂಮ್ ಲೆನ್ಸು 1959ರ ಫಾಯ್ಕ್ಟ್‌ಲೆಂಡರ್ ಜೂಮಾರ್, 36ರಿಂದ 82 ಮಿ.ಮೀ. ಅಂದಿನಿಂದ ಲೆನ್ಸಿನ ವಿದ್ಯೆ ಬಹುದೂರ ಬಂದಿದೆ, ನಿಜ. ಆದರೂ 18ರಿಂದ 300ರವರೆಗೆ ಎಲ್ಲವನ್ನೂ ಒಬ್ಬನೇ ಮಾಡುತ್ತೇನೆ ಎನ್ನುವ ಲೆನ್ಸು, ಅನ್ನ ಸಾರು ಪಾಯಸಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಲು ಹೊರಟ ಹಾಗೆ. ಪ್ರವಾಸಕ್ಕೆ ಅನುಕೂಲ, ರುಚಿಯನ್ನು ಕೇಳಬಾರದು.

ತೂಕವನ್ನೂ ಮರೆಯಬಾರದು. ಕ್ಯಾನನ್ನಿನ ಹಳೆಯ ಇ.ಎಫ್. ಸಾಲಿನ 70–200 ಎಫ್ 2.8 ಲೆನ್ಸು ಒಂದೂವರೆ ಕಿಲೋದ ಹತ್ತಿರ. ಅದರ ತಮ್ಮ ಎಫ್ 4ರದ್ದು ಮುಕ್ಕಾಲು ಕಿಲೋ, ಒಳಬಿಡುವ ಬೆಳಕೂ ಅರ್ಧ. ಸೋನಿಯವರು 2021ರಲ್ಲಿ ತಂದ ಎಫ್ 2.8ರ ಎರಡನೆಯ ಆವೃತ್ತಿ ಒಂದು ಕಿಲೋ ಚಿಲ್ಲರೆಗೆ ಇಳಿದಿದೆ, ಬೆಲೆ ಮಾತ್ರ ಎರಡು ಲಕ್ಷವನ್ನು ದಾಟಿದೆ. ನಿಕಾನ್ನಿನ 200–500 ಕಾಲುಪಟ್ಟಿ ಸೇರಿ 2.3 ಕಿಲೋ. ಇದನ್ನು ಹೊತ್ತು ವಿರಾರ್ ಲೋಕಲ್ಲಿನಲ್ಲಿ ನಿಂತು ಬರುವುದು ಎಂಥದ್ದೆಂದು ಮನಸ್ಸಿನಲ್ಲೇ ಒಮ್ಮೆ ಅಭಿನಯಿಸಿ ನೋಡಿ. ಮನೆಯಲ್ಲಿ ಉಳಿಯುವ ಲೆನ್ಸು ಯಾವ ಚಿತ್ರವನ್ನೂ ತೆಗೆಯುವುದಿಲ್ಲ.

ಶನಿವಾರ ಫೋರ್ಟಿಗೆ ಹೋದೆವು. ಬೋರಾಬಜಾರದ ಸುತ್ತಿನ ಅಂಗಡಿಗಳಲ್ಲಿ ಹೊಸದೂ ಉಂಟು, ಕೈಬದಲಾದದ್ದೂ ಉಂಟು. ಲೆನ್ಸು ಕ್ಯಾಮರಾದಂತೆ ಬೇಗ ಮುದಿಯಾಗುವ ವಸ್ತುವಲ್ಲ. ಜೋಪಾನವಾಗಿಟ್ಟ ಹತ್ತು ವರ್ಷದ ಹಳೆಯ ಲೆನ್ಸೂ ಚೆನ್ನಾಗಿಯೇ ನಡೆಯುತ್ತದೆ. ಆದ್ದರಿಂದ ಕೈಬದಲಾದದ್ದನ್ನು ನೋಡಲು ನಾಚಿಕೆ ಬೇಡ. ಹೊಸದು ಕೊಳ್ಳುವವರು ಭಾರತದಲ್ಲಿ ನಡೆಯುವ ಖಾತರಿಚೀಟಿ ಇದೆಯೇ ಎಂದು ಮೊದಲು ಕೇಳಬೇಕು.

ನಾವು ಪರೀಕ್ಷಿಸಿದ ಕ್ರಮ ಹೀಗೆ. ಮೊದಲು ಸಣ್ಣ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ಇಣುಕಿದೆವು. ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಸಲು; ಮುಟ್ಟಬಾರದು. ನಾಲ್ಕು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಲೆನ್ಸನ್ನು ಕೆಳಮುಖ ಹಿಡಿದಾಗ ಜೂಮು ತಾನಾಗಿ ಜಾರುವುದೇ ಎಂದು ನೋಡಿದೆವು. ಆಮೇಲೆ ದಿನಪತ್ರಿಕೆಯ ಒಂದು ಇಡೀ ಹಾಳೆಯನ್ನು ಗೋಡೆಗೆ ಅಂಟಿಸಿ, ನೇರ ಎದುರಿಗೆ ನಿಂತು, ಅತಿ ಉದ್ದದ ತುದಿಯಲ್ಲಿ, ಕಣ್ಣನ್ನು ಪೂರ್ತಿ ತೆರೆದು ಚಿತ್ರ ತೆಗೆದು, ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ಓದಿದೆವು. ನಡುವಿನ ಅಕ್ಷರಕ್ಕಿಂತ ಮೂಲೆಯದು ತುಸು ಮೆತ್ತಗಿದ್ದರೆ ಸಹಜ. ಆದರೆ ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ವಾರೆಯಾಗಿದೆ ಎಂದೇ ಅರ್ಥ. ನಾವು ಮೊದಲು ನೋಡಿದ ಲೆನ್ಸಿನಲ್ಲಿ ಕೆಳಗಿನ ಎಡಮೂಲೆಯ ಮರಣವಾರ್ತೆಗಳು ಓದಲಾಗದಂತಿದ್ದವು. ಹೊರಗಿನ ಬಣ್ಣ ಹೊಚ್ಚಹೊಸದಿತ್ತು; ಆದರೂ ಬಿಟ್ಟೆವು.

ಹಳೆಯದನ್ನು ಕೊಳ್ಳುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಲೆನ್ಸಿನ ಬುಡ ಕ್ಯಾಮರಾಕ್ಕೆ ಹೊಂದಬೇಕು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಕಂಪನಿಗಳು ಕನ್ನಡಿಯಿಲ್ಲದ ಹೊಸ ಸಾಲಿನ ಕ್ಯಾಮರಾಗಳಿಗೆ ಹೊಸ ಬುಡವನ್ನು ತಂದವು. ಹಳೆಯ ಲೆನ್ಸುಗಳನ್ನು ನಡುವೆ ಒಂದು ಜೋಡಣೆಯ ಬಳೆ ಹಾಕಿ ಬಳಸಬಹುದು. ಆದರೆ ಒಳಗೆ ಮೋಟಾರಿಲ್ಲದ ಹಳೆಯ ನಿಕಾನ್ ಲೆನ್ಸುಗಳು ನಿಕಾನ್ನಿನವರದೇ ಬಳೆಯ ಮೂಲಕ ತಾವಾಗಿ ಗುರಿ ಹಿಡಿಯುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ನಿಮ್ಮ ಕ್ಯಾಮರಾವನ್ನು ಜೊತೆಗೆ ಒಯ್ದು, ಸಿಕ್ಕಿಸಿ ನೋಡಿಯೇ ಹಣ ಎಣಿಸಿ.

ಕೊನೆಗೆ ಸೋದರಳಿಯ ಕೊಂಡದ್ದು ಕೈಬದಲಾದ 70–200, ಎಫ್ 2.8. ಮೂಲೆಗಳು ನಾಲ್ಕೂ ಸಮ. ಹೊರಮೈಗೆ ಮಾತ್ರ ಎರಡು ಗೀರು. "ರಾಜಹಂಸದ ಗತಿಯೇನೋ?" ಎಂದೆವು. "ಚಳಿಗಾಲದಲ್ಲಿ ಎರಡು ದಿನಕ್ಕೆ ಆರುನೂರರದನ್ನು ಬಾಡಿಗೆಗೆ ತರುತ್ತೇನೆ ಮಾವ. ವರ್ಷಕ್ಕೆ ಎರಡು ದಿನ ಬರುವ ಹಕ್ಕಿಗೆ ವರ್ಷವಿಡೀ ಕಂತು ಕಟ್ಟುವುದೇಕೆ?" ಎಂದ. ಹುಡುಗ ಲೆಕ್ಕ ಕಲಿತಿದ್ದಾನೆ ಎಂದು ಸಂತೋಷವಾಯಿತು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲೂ ಲೆನ್ಸುಗಳು ದಿನಬಾಡಿಗೆಗೆ ಸಿಗುತ್ತವೆ. ಕೊಳ್ಳಬೇಕೆಂದಿರುವ ಲೆನ್ಸನ್ನೇ ಒಂದು ದಿನ ಬಾಡಿಗೆಗೆ ತಂದು ನೋಡುವುದು ಇನ್ನೂ ಜಾಣತನ.

ಮನೆಗೆ ತಂದ ಮೇಲೆ ಕಾಪಾಡುವುದೂ ಮುಖ್ಯ. ಮುಂಬಯಿ, ಚೆನ್ನೈಗಳಂಥ ಕಡಲೂರುಗಳ ತೇವಕ್ಕೆ ಲೆನ್ಸಿನ ಒಳಗೂ ಬೂಸಲು ಹಿಡಿಯುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿನ ಮೂಲೆಗೆ ತಳ್ಳಿದರೆ ಮಳೆಗಾಲ ಮುಗಿಯುವುದರೊಳಗೆ ಅದರ ಕಥೆ ಮುಗಿದಂತೆ. ಗಾಳಿಯಾಡದ ಮುಚ್ಚಳದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ, ನೂರಿನ್ನೂರು ರೂಪಾಯಿಯ ತೇವಮಾಪಕ ಒಂದು. ಮುಳ್ಳು ನಲವತ್ತರಿಂದ ಐವತ್ತರ ನಡುವೆ ಇದ್ದರೆ ಸಾಕು. ಅಕ್ಕಿಡಬ್ಬಿಯಲ್ಲಿ ಹೂತಿಡುವ ಉಪಾಯ ಬೇಡ. ಹಿಟ್ಟಿನ ಪುಡಿ ಒಳಸೇರುತ್ತದೆ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಬಳಸಿ.

ಬಳಸಲು ನಮ್ಮ ಸೋದರಳಿಯ ಬಹಳ ದಿನ ಕಾಯಲಿಲ್ಲ. ಸಂಘದಲ್ಲಿ ಒಂದು ಸಂಜೆ ತಾಳಮದ್ದಳೆ ಇತ್ತು, ಪ್ರಸಂಗ ಅದೇ ಕರ್ಣಪರ್ವ. ಅರ್ಥಧಾರಿಗಳ ಚಿತ್ರ ತೆಗೆಯುತ್ತಿದ್ದವನು ನಡುವೆ ಒಮ್ಮೆ ಲೆನ್ಸನ್ನು ಸಭಿಕರ ಕಡೆಗೆ ತಿರುಗಿಸಿದ್ದನ್ನು ನಾವು ಗಮನಿಸಲೇ ಇಲ್ಲ. ಮೂರನೆಯ ಸಾಲಿನಲ್ಲಿ ಚಿಕ್ಕಮ್ಮ ಕುಳಿತಿದ್ದರು. ಭಾಗವತರು ಪದ ಎತ್ತಿದ್ದರು. ಚಿಕ್ಕಮ್ಮನ ಕೈ ಕೆನ್ನೆಯ ಮೇಲೆ, ಕಣ್ಣು ಅರ್ಧ ಮುಚ್ಚಿದೆ, ತುಟಿ ಅದೇ ಪದವನ್ನು ಒಳಗೇ ಹೇಳಿಕೊಳ್ಳುತ್ತಿದೆ. ಹಿಂದಿನ ಸಾಲುಗಳೆಲ್ಲ ಮಂಜಿನಂತೆ ಕರಗಿವೆ. ಮುಖದ ಒಂದೊಂದು ಗೆರೆಯೂ ಇದೆ.

ಮರುವಾರ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು ಹೋಗಿ ಕೊಟ್ಟೆವು. ಚಿಕ್ಕಮ್ಮ ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಗೋಡೆಯ ಮೇಲಿನ ಪಿಂಚಣಿಚೀಟಿಯ ಪಟವನ್ನೂ ಒಮ್ಮೆ ನೋಡಿದರು. ಆಮೇಲೆ ಸೋದರಳಿಯನ ಕಡೆ ತಿರುಗಿ, "ಚೆಂದ ಬಂದಿದೆ ಮಗಾ. ಆದರೆ ಈಗಲೇ ಅವರ ಪಕ್ಕದಲ್ಲಿ ಮೊಳೆ ಹೊಡೆಯಬೇಡ ಮಾರಾಯ!" ಎಂದು, ಪಟವನ್ನು ಅಡಿಗೆಮನೆಯ ಕಪಾಟಿನ ಮೇಲೆ, ದಿನವೂ ಕಣ್ಣಿಗೆ ಬೀಳುವ ಕಡೆ, ಇಟ್ಟು ಬಂದರು.